ದುಡಿಯುವ ವಯಸ್ಸು, ದುಡಿಯುವ ಮೈ

ನಮ್ಮದು ಯುವಕರ ದೇಶ ಎಂಬ ಮಾತನ್ನು ಭಾಷಣಗಳಲ್ಲಿ ಆಗಾಗ ಕೇಳುತ್ತೇವೆ. ಮಾತು ಸುಳ್ಳಲ್ಲ. ಆದರೆ ಇದು ಎಂದೆಂದಿಗೂ ಹೀಗೆಯೇ ಉಳಿಯುವ ಸಂಗತಿಯೂ ಅಲ್ಲ. ಒಂದು ದೇಶದ ಜನರಲ್ಲಿ ದುಡಿಯುವ ವಯಸ್ಸಿನವರ ಪಾಲು ಕೆಲವು ದಶಕ ಏರುತ್ತದೆ, ಅನಂತರ ಇಳಿಯುತ್ತದೆ. ಏರಿದ ಕಾಲದ ಲಾಭ ನಮಗೆ ದಕ್ಕುವುದೋ ಇಲ್ಲವೋ ಎಂಬುದು ಶಿಕ್ಷಣ, ಉದ್ಯೋಗಗಳಷ್ಟೇ ಜನರ ಆರೋಗ್ಯವನ್ನೂ ಅವಲಂಬಿಸಿದೆ. ಆದ್ದರಿಂದ ಈ ವಾರ ಜನಸಂಖ್ಯೆಯ ಈ ಲೆಕ್ಕವನ್ನು ವೈದ್ಯನ ಕಣ್ಣಿನಿಂದ ನೋಡೋಣ.

ಲೆಕ್ಕ ಏನು?

ನಮ್ಮಲ್ಲಿ ಸಾಮಾನ್ಯವಾಗಿ 15ರಿಂದ 59 ವರ್ಷದವರನ್ನು ದುಡಿಯುವ ವಯಸ್ಸಿನವರೆಂದು ಪರಿಗಣಿಸುತ್ತಾರೆ. ಅದಕ್ಕಿಂತ ಚಿಕ್ಕವರು ಮತ್ತು 60 ದಾಟಿದವರು ಅವಲಂಬಿತರು. ಒಂದು ಮನೆಯನ್ನೇ ತೆಗೆದುಕೊಳ್ಳಿ. ಗಂಡ, ಹೆಂಡತಿ, ಐದು ಮಕ್ಕಳು ಮತ್ತು ಒಬ್ಬ ಅಜ್ಜಿ ಇದ್ದರೆ ಇಬ್ಬರ ಮೇಲೆ ಆರು ಮಂದಿಯ ಭಾರ. ಮಕ್ಕಳು ಇಬ್ಬರೇ ಆದರೆ ಭಾರ ಮೂವರಿಗೆ ಇಳಿಯುತ್ತದೆ. ಆ ಇಬ್ಬರೂ ಬೆಳೆದು ದುಡಿಯತೊಡಗಿದರೆ ನಾಲ್ವರು ಸೇರಿ ಅಜ್ಜಿಯೊಬ್ಬಳನ್ನು ನೋಡಿಕೊಂಡರಾಯಿತು. ಮನೆಗೆ ಅದು ಸುಭಿಕ್ಷದ ಕಾಲ. ಮುಂದೆ ತಂದೆ ತಾಯಿಯರೇ 60 ದಾಟಿದಾಗ ಭಾರ ಮತ್ತೆ ಏರುತ್ತದೆ. ದೇಶದ ಕತೆಯೂ ಇಷ್ಟೇ.

2011ರಲ್ಲಿ ಭಾರತದ ಪ್ರತಿ 100 ಜನರಲ್ಲಿ ಸುಮಾರು 61 ಮಂದಿ ದುಡಿಯುವ ವಯಸ್ಸಿನವರು, 31 ಮಂದಿ ಮಕ್ಕಳು, 8 ಮಂದಿ ವೃದ್ಧರು. ಕೇಂದ್ರ ಸರಕಾರದ ತಜ್ಞರ ಸಮಿತಿಯ ಅಂದಾಜಿನಂತೆ 2036ರಲ್ಲಿ ಈ ಸಂಖ್ಯೆಗಳು ಕ್ರಮವಾಗಿ 65, 20 ಮತ್ತು 15 ಆಗುತ್ತವೆ. ಅಂದರೆ ಒಟ್ಟು ಅವಲಂಬಿತರು 39ರಿಂದ 35ಕ್ಕೆ ಇಳಿಯುತ್ತಾರೆ. ಆದರೆ ಅವರೊಳಗೆ ವೃದ್ಧರ ಪಾಲು ಹೆಚ್ಚುತ್ತದೆ: 2011ರಲ್ಲಿ ಐವರು ಅವಲಂಬಿತರಲ್ಲಿ ಒಬ್ಬರು ವೃದ್ಧರಾಗಿದ್ದರೆ, 2036ರಲ್ಲಿ ಏಳು ಮಂದಿಯಲ್ಲಿ ಮೂವರು.

ಇದಕ್ಕೆ ಕಾರಣ ಎರಡು. ಮೊದಲನೆಯದು, ಹೆರಿಗೆಗಳು ಕಡಿಮೆಯಾದದ್ದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 1992-93ರಲ್ಲಿ ಒಬ್ಬ ಮಹಿಳೆಗೆ ಸರಾಸರಿ 3.4 ಮಕ್ಕಳಿದ್ದದ್ದು 2019-21ರಲ್ಲಿ 2.0ಕ್ಕೆ ಇಳಿಯಿತು. ಕರ್ನಾಟಕದಲ್ಲಿ ಅದು 1.7. ಜನಸಂಖ್ಯೆ ಏರದೆ ಇಳಿಯದೆ ನಿಲ್ಲಲು ಬೇಕಾದ ಸರಾಸರಿ 2.1. ಎರಡನೆಯದು, ಆಯುಷ್ಯ ಹೆಚ್ಚಿದ್ದು. ಸ್ವಾತಂತ್ರ್ಯ ಬಂದಾಗ ಸುಮಾರು 32 ವರ್ಷವಿದ್ದ ಸರಾಸರಿ ಆಯುಷ್ಯ ಈಗ 70ರ ಆಸುಪಾಸಿನಲ್ಲಿದೆ. ಜಪಾನಿನಲ್ಲಿ ದುಡಿಯುವ ವಯಸ್ಸಿನವರ ಸಂಖ್ಯೆ 1990ರ ದಶಕದ ಮಧ್ಯಭಾಗದಲ್ಲೇ ತುದಿ ಮುಟ್ಟಿ ಇಳಿಯತೊಡಗಿತು. ಇಂದು ಅಲ್ಲಿ ಹತ್ತರಲ್ಲಿ ಸುಮಾರು ಮೂವರು 65 ದಾಟಿದವರು. ದಕ್ಷಿಣದ ರಾಜ್ಯಗಳಾದ ನಾವು ಆ ಹಾದಿಯಲ್ಲಿ ಉತ್ತರದ ರಾಜ್ಯಗಳಿಗಿಂತ ಮುಂದಿದ್ದೇವೆ.

ನಮ್ಮ ತಾಲೂಕುಗಳಲ್ಲಿ

ದೇಶದ ಸರಾಸರಿ ಎಲ್ಲ ಊರಿಗೂ ಒಂದೇ ರೀತಿ ಅನ್ವಯಿಸುವುದಿಲ್ಲ. ಜನರ ವಲಸೆ ಈ ಲೆಕ್ಕವನ್ನು ಬದಲಿಸುತ್ತದೆ. ದಾಂಡೇಲಿಯಲ್ಲಿ 1950ರ ದಶಕದಲ್ಲಿ ಕಾಗದ ಕಾರ್ಖಾನೆ ಬಂದಾಗ ಬೇರೆ ಬೇರೆ ಕಡೆಯಿಂದ ಹರೆಯದವರು ಕೆಲಸಕ್ಕೆ ಬಂದು ನೆಲೆಸಿದರು. ಅಂದು ಅದು ದುಡಿಯುವವರ ಊರು. ಆ ತಲೆಮಾರು ನಿವೃತ್ತಿಯಾಗಿ ಈಗ ಮೊಮ್ಮಕ್ಕಳನ್ನು ಕಂಡಿದೆ. ಜೋಯಿಡಾ ಮತ್ತು ಹಳಿಯಾಳದ ಹಳ್ಳಿಗಳಿಂದ ಹರೆಯದವರು ಗೋವಾ, ಹುಬ್ಬಳ್ಳಿ, ಬೆಳಗಾವಿಗಳಿಗೆ ದುಡಿಯಲು ಹೋಗುತ್ತಾರೆ. ಅವರನ್ನು ಲೆಕ್ಕ ಹಾಕುವುದು ದುಡಿಯುವ ಊರಿನಲ್ಲಿ. ಕಾಡಿನ ನಡುವಿನ ಮನೆಯಲ್ಲಿ ಉಳಿಯುವವರು ಮುದುಕರು. ಮುಂಡಗೋಡದಲ್ಲಿ 1966ರಲ್ಲಿ ಆರಂಭವಾದ ಟಿಬೆಟಿಯನ್ನರ ವಸತಿಯಲ್ಲೂ ಇದೇ ಬದಲಾವಣೆ. ಅಂದು ಕಾಡು ಕಡಿದು ಹೊಲ ಮಾಡಿದ ತಲೆಮಾರಿಗೆ ವಯಸ್ಸಾಗಿದೆ, ಹೆರಿಗೆಗಳು ಕಡಿಮೆಯಾಗಿವೆ, ಯುವಕರಲ್ಲಿ ಅನೇಕರು ನಗರಗಳಿಗೂ ಹೊರದೇಶಗಳಿಗೂ ಹೋಗಿದ್ದಾರೆ. ವೃದ್ಧರ ಆರೈಕೆಗೆ ಅಲ್ಲಿ ಪ್ರತ್ಯೇಕ ಆಶ್ರಮವೇ ಬೇಕಾಗಿದೆ.

ವಯಸ್ಸು ಬೇರೆ, ಕಸುವು ಬೇರೆ

ಗಣತಿದಾರರು ವಯಸ್ಸನ್ನು ಕೇಳುತ್ತಾರೆ, ನಾಡಿ ಹಿಡಿದು ನೋಡುವುದಿಲ್ಲ. 45 ವರ್ಷದ ಮನುಷ್ಯ ಲಕ್ವ ಹೊಡೆದು ಮಲಗಿದ್ದರೂ ಲೆಕ್ಕದಲ್ಲಿ ಆತ ದುಡಿಯುವ ವಯಸ್ಸಿನವನೇ. ನಿಜದಲ್ಲಿ ಆ ಮನೆಯಿಂದ ಇಬ್ಬರ ದುಡಿಮೆ ಹೋಗಿರುತ್ತದೆ. ಒಂದು ಆತನದು, ಇನ್ನೊಂದು ಆತನನ್ನು ನೋಡಿಕೊಳ್ಳಲು ಕೂಲಿ ಬಿಟ್ಟು ಮನೆಯಲ್ಲಿ ಉಳಿದ ಹೆಂಡತಿಯದು ಅಥವಾ ಮಗಳದು. ಇಂಥ ಲಕ್ವಕ್ಕೆ ಬಹುಪಾಲು ಕಾರಣ ಗಮನಕ್ಕೆ ಬಾರದ ರಕ್ತದೊತ್ತಡ. ‘ತಲೆ ತಿರುಗುವುದಿಲ್ಲ, ಆದ್ದರಿಂದ ನನಗೆ ಬಿ.ಪಿ. ಇಲ್ಲ’ ಎಂಬುದು ತಪ್ಪು ತಿಳಿವಳಿಕೆ. ಹೆಚ್ಚಿನವರಲ್ಲಿ ಅದು ವರ್ಷಗಟ್ಟಲೆ ಯಾವ ಲಕ್ಷಣವನ್ನೂ ತೋರಿಸುವುದಿಲ್ಲ. ಅಳೆಯುವುದೊಂದೇ ದಾರಿ.

ಮಹಿಳೆಯರಲ್ಲಿ ರಕ್ತಹೀನತೆಯದು ದೊಡ್ಡ ಸಮಸ್ಯೆ. 2019-21ರ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡಾ 57ರಷ್ಟು ಮಂದಿಗೆ, ಕರ್ನಾಟಕದಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಕಂಡುಬಂತು. ಗದ್ದೆಯಲ್ಲಿ ಬಗ್ಗಿ ನಾಟಿ ಮಾಡುವವಳಿಗೆ ಏದುಸಿರು ಬಂದರೆ ಅದನ್ನು ಆಯಾಸವೆಂದು ತಳ್ಳಿಹಾಕುತ್ತಾರೆ. ರಕ್ತ ಕಡಿಮೆಯಾದರೆ ತೋಳಿನ ಬಲವೂ ಕಡಿಮೆ, ಗರ್ಭದ ಮಗುವಿಗೂ ಅಪಾಯ. ಇವುಗಳ ಜೊತೆಗೆ ಸಕ್ಕರೆ ಕಾಯಿಲೆ, ಕ್ಷಯ, ತಂಬಾಕು ಮತ್ತು ಕುಡಿತಗಳು ದುಡಿಯುವ ವರ್ಷಗಳನ್ನೇ ತಿನ್ನುತ್ತವೆ.

ಇನ್ನೊಂದು ಮಾತು. ಮಗುವಿನ ಕಾಯಿಲೆಗಳು ಹೆಚ್ಚಾಗಿ ಕೆಲವು ದಿನಗಳವು. ಲಸಿಕೆ, ಶುದ್ಧ ನೀರು, ಪೌಷ್ಟಿಕ ಆಹಾರಗಳಿಂದ ಅನೇಕವನ್ನು ತಡೆಯಬಹುದು. ಮುಪ್ಪಿನ ಕಾಯಿಲೆಗಳು ವರ್ಷಗಟ್ಟಲೆಯವು, ದಿನವೂ ಮಾತ್ರೆ ಬೇಡುವಂಥವು. 60 ದಾಟಿದ ಭಾರತೀಯರು ಸರಾಸರಿ ಇನ್ನೂ ಸುಮಾರು 18 ವರ್ಷ ಬದುಕುತ್ತಾರೆ. ಆ ವರ್ಷಗಳನ್ನು ನಡೆದಾಡುತ್ತಾ ಕಳೆಯುವರೋ, ಹಾಸಿಗೆಯಲ್ಲೋ ಎಂಬುದು ಬಹಳಮಟ್ಟಿಗೆ 30ರಿಂದ 59ರ ನಡುವೆ ನಿರ್ಧಾರವಾಗುತ್ತದೆ.

ಏನು ಮಾಡಬೇಕು?

30 ದಾಟಿದವರೆಲ್ಲ ವರ್ಷಕ್ಕೊಮ್ಮೆಯಾದರೂ ರಕ್ತದೊತ್ತಡ ಮತ್ತು ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇದಕ್ಕೆ ಹಣ ಕೊಡಬೇಕಾಗಿಲ್ಲ. ರಕ್ತದೊತ್ತಡ ಮತ್ತೆ ಮತ್ತೆ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ವೈದ್ಯರ ಸಲಹೆಯಂತೆ ಔಷಧ ಆರಂಭಿಸಬೇಕು. ‘ಈಗ ಸರಿಯಾಗಿದೆ’ ಎಂದು ತಾವಾಗಿಯೇ ನಿಲ್ಲಿಸಬಾರದು.

ದಿನಕ್ಕೆ ಒಬ್ಬರಿಗೆ ಒಂದು ಚಹಾ ಚಮಚೆಗಿಂತ ಹೆಚ್ಚು ಉಪ್ಪು ಬೇಡ. ಉಪ್ಪಿನಕಾಯಿ, ಹಪ್ಪಳ, ಒಣಮೀನುಗಳಲ್ಲಿರುವ ಉಪ್ಪೂ ಈ ಲೆಕ್ಕಕ್ಕೆ ಸೇರುತ್ತದೆ. ಗುಟ್ಕಾ, ಬೀಡಿ ಬಿಡಬೇಕು.

ಹೆಣ್ಣುಮಕ್ಕಳು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಳ್ಳಬೇಕು. ಸೊಪ್ಪು, ಹುರುಳಿ, ರಾಗಿಯ ಜೊತೆಗೆ ಲಿಂಬೆ ಅಥವಾ ನೆಲ್ಲಿಕಾಯಿ ಇದ್ದರೆ ಕಬ್ಬಿಣಾಂಶ ಚೆನ್ನಾಗಿ ಮೈಗೆ ಹತ್ತುತ್ತದೆ. ಊಟವಾದ ಕೂಡಲೇ ಚಹಾ ಕುಡಿದರೆ ಅದು ಕಡಿಮೆಯಾಗುತ್ತದೆ. ರಕ್ತಹೀನತೆ ಇದ್ದವರಿಗೆ ಆಹಾರವಷ್ಟೇ ಸಾಲದು, ಮಾತ್ರೆಗಳೂ ಬೇಕು.

ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ದರೆ ಕಫ ಪರೀಕ್ಷೆ ಆಗಲೇಬೇಕು. ದುಡಿಯಲು ಪರ ಊರಿಗೆ ಹೋಗುವವರು ವೈದ್ಯರ ಚೀಟಿ ಮತ್ತು ಮಾತ್ರೆಗಳನ್ನು ಜೊತೆಗೇ ಒಯ್ಯಬೇಕು. ಕ್ಷಯದ ಔಷಧ ದೇಶದ ಯಾವ ಸರಕಾರಿ ಆಸ್ಪತ್ರೆಯಲ್ಲೂ ಉಚಿತ. ಹೋದ ಊರಿನಲ್ಲೇ ಚಿಕಿತ್ಸೆ ಮುಂದುವರಿಸಬಹುದು.

ಮನೆಯಲ್ಲಿ ಹಿರಿಯರನ್ನು ಬಿಟ್ಟು ಹೋಗುವವರು ಅವರ ಮಾತ್ರೆಗಳ ವಿಚಾರವನ್ನು ಊರಿನ ಆಶಾ ಕಾರ್ಯಕರ್ತೆಗೆ ತಿಳಿಸಿ ಹೋಗಲಿ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯನ್ನು ‘ವಯಸ್ಸಾಯಿತಲ್ಲ’ ಎಂದು ಮುಂದೂಡಬಾರದು. ಕಣ್ಣು ಕಾಣದ ಹಿರಿಯರು ಎಡವಿ ಸೊಂಟ ಮುರಿದುಕೊಂಡರೆ ಮತ್ತೆ ಎದ್ದು ಓಡಾಡುವುದು ಕಷ್ಟ.

ಗಾಳಿ ಬಂದಾಗ ತೂರಿಕೋ ಎಂಬುದು ನಮ್ಮ ಭತ್ತದ ಕಣಗಳ ಗಾದೆ. ದೇಶಕ್ಕೆ ಈಗ ಗಾಳಿ ಬೀಸುತ್ತಿದೆ, ಇನ್ನು ಕೆಲವು ದಶಕ ಬೀಸಬಹುದು. ಮೊರ ಹಿಡಿಯುವ ಕೈಗಳಲ್ಲಿ ಶಕ್ತಿ ಇದ್ದರೆ ಮಾತ್ರ ಕಾಳು ಜೊಳ್ಳು ಬೇರೆಯಾದೀತು. ಇಂದು 35ರ ಹರೆಯದವರು ಇನ್ನು 25 ವರ್ಷಕ್ಕೆ 60 ಮುಟ್ಟುತ್ತಾರೆ. ಅವರ ಬಿ.ಪಿ. ಅಳೆಯಲು ಇಂದು ಬೇಕಾದುದು ಐದೇ ನಿಮಿಷ.