ನಾಲ್ಕು ಜನ ಏನಂದಾರು?
ನಾಲ್ಕು ಜನ ಏನಂದಾರು ಎಂದು ಹಿಂಜರಿಯುವಾಗ ಅಹಮದಾಬಾದಿನ ಕೋಚರಬ್ ಆಶ್ರಮವನ್ನು ನೆನೆಯಿರಿ. 1915ರಲ್ಲಿ ಗಾಂಧೀಜಿ ದೂದಾಭಾಯಿ ಎಂಬ ದಲಿತರ ಕುಟುಂಬವನ್ನು ಅಲ್ಲಿ ಸೇರಿಸಿಕೊಂಡರು. ಬಾವಿಯ ಬಳಿ ಬೈಗುಳ ಶುರುವಾಯಿತು. ಸಹಿಸಿಕೊಂಡು ನೀರು ಸೇದಿ ಎಂದು ಗಾಂಧೀಜಿ ಆಶ್ರಮದವರಿಗೆ ಹೇಳಿದರು. ದೇಣಿಗೆ ನಿಂತಿತು. ಕಸ್ತೂರಬಾ ಅವರಿಗೂ ಇದು ಒಗ್ಗಲಿಲ್ಲ (ಹೊರಗಿನವರಿಗಿಂತ ಮನೆಯವರ ಮುನಿಸೇ ಕಷ್ಟ, ಅಲ್ಲವೇ?). ಮುಂದಿನ ತಿಂಗಳಿಗೆ ದುಡ್ಡಿಲ್ಲ ಎಂದು ಆಶ್ರಮದ ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ಮಗನ್‌ಲಾಲ್ ಹೇಳಿದಾಗ, ಹಾಗಾದರೆ ದಲಿತರ ಕೇರಿಗೇ ಹೋಗೋಣ ಎಂದು ಗಾಂಧೀಜಿ ಉತ್ತರಿಸಿದರು. ಆಮೇಲೆ ಶೇಠರೊಬ್ಬರು ಕಾರಿನಲ್ಲಿ ಬಂದು 13,000 ರೂಪಾಯಿ ಕೊಟ್ಟು ಹೋದರು. ಗಾಂಧೀಜಿಗೆ ಅದು ದೇವರು ಕಳಿಸಿದ ನೆರವು. ಆದರೆ ನಿರ್ಧಾರವಾದದ್ದು ಹಣ ಬರುವ ಮೊದಲು, ಗಮನಿಸಿ. ನಿಮ್ಮ ಬಾಗಿಲಿಗೂ ಶೇಠರು ಬಂದಾರೆಂದು ನಾನು ಹೇಳಲಾರೆ. ದೇವರು ಮೆಚ್ಚುವ ಕೆಲಸವೆಂದು ಗೊತ್ತಿದ್ದೂ ನೆಂಟರಿಗೆ ಅಂಜಿ ಮುಂದೂಡಿದ್ದೇನಾದರೂ ಇದ್ದರೆ, ಈ ವಾರವೇ ಮಾಡಿಬಿಡಿ.