ಕೊಯ್ಲಿನ ಆಳುಗಳ ಮುಂಗಡ, ಬಟವಾಡೆ ಮತ್ತು ಹೊಸ ಕಾರ್ಮಿಕ ಸಂಹಿತೆಗಳು



ಕಾಫಿ ಹಣ್ಣಾಗುವ ಹೊತ್ತಿಗೆ ನಮಗೆ ಆಳುಗಳ ಚಿಂತೆ ಹತ್ತುತ್ತದೆ. ಕೊಯ್ಲಿಗೆ ಬಯಲುಸೀಮೆಯ ತಂಡಗಳನ್ನು ನಂಬಿಕೊಂಡು ಬಹುಕಾಲವಾಯಿತು. ಮೇಸ್ತ್ರಿಯ ಕೈಗೆ ಮುಂಗಡ ಕೊಟ್ಟು, ವಿಜಯಪುರದ ಕಡೆಯಿಂದ ಬಂದಿಳಿಯುವ ಸಂಸಾರಗಳಿಗೆ ಲೈನು ಮನೆ ತೋರಿಸಿ, ಲೆಕ್ಕವನ್ನು ಕೊಯ್ಲು ಮುಗಿದ ಮೇಲೆ ನೋಡಿದರಾಯಿತು ಎನ್ನುವುದು ನಮ್ಮಲ್ಲಿ ಅನೇಕರ ವಾಡಿಕೆ. ಇನ್ನು ಮುಂದೆ ಈ ವಾಡಿಕೆ ನಮ್ಮನ್ನೇ ಕಷ್ಟಕ್ಕೆ ಗುರಿಮಾಡೀತು. 2025ರ ನವೆಂಬರ್ 21ರಿಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು, 29 ಹಳೆಯ ಕಾಯಿದೆಗಳ ಸ್ಥಾನವನ್ನು ಪಡೆದಿವೆ. ನಮಗೆ ಪರಿಚಿತವಾಗಿದ್ದ 1951ರ ತೋಟ ಕಾರ್ಮಿಕರ ಕಾಯಿದೆಯೂ ಅವುಗಳಲ್ಲಿ ಒಂದು. ಸಣ್ಣ ಬೆಳೆಗಾರರಿಗೆ ಬೇಕಾದಷ್ಟನ್ನು ಇಲ್ಲಿ ವಿವರಿಸುತ್ತೇವೆ.

ಯಾರಿಗೆ ಅನ್ವಯ?

ಹಿಂದೆ 5 ಹೆಕ್ಟೇರ್, ಅಂದರೆ ಸುಮಾರು 12 ಎಕರೆ 14 ಗುಂಟೆ ಕಾಫಿ ಇದ್ದು, 15 ಆಳುಗಳಿದ್ದರೆ ಮಾತ್ರ ತೋಟದ ಕಾಯಿದೆ ತಗಲುತ್ತಿತ್ತು. ಈಗ ಸುರಕ್ಷತೆ ಮತ್ತು ಆರೋಗ್ಯದ ಸಂಹಿತೆಯಲ್ಲಿ ವಿಸ್ತೀರ್ಣದ ಮಿತಿ ಹಾಗೆಯೇ ಉಳಿದಿದೆ. ಆಳುಗಳ ಸಂಖ್ಯೆ 10ಕ್ಕೆ ಇಳಿದಿದೆ. ಅಂಥ ತೋಟದವರು ವಸತಿ, ಕುಡಿಯುವ ನೀರು, ಶೌಚಾಲಯಗಳನ್ನು ರಾಜ್ಯದ ನಿಯಮಗಳಂತೆ ಒದಗಿಸಬೇಕು. ನಾವು ಕೊಟ್ಟ ಲೈನು ಮನೆ ಕುಸಿದು ಆಳಿಗಾಗಲಿ ಅವನ ಮನೆಯವರಿಗಾಗಲಿ ಪೆಟ್ಟಾದರೆ ಪರಿಹಾರದ ಹೊಣೆಯೂ ಬರುತ್ತದೆ. ತೋಟಗಳಿಗೆಂದೇ ಇರುವ ಈ ವಿಧಿಗಳ ಪಟ್ಟಿಯಲ್ಲಿ ಅಡಿಕೆಯ ಹೆಸರಿಲ್ಲ. ರಾಜ್ಯ ಸರ್ಕಾರ ಕೇಂದ್ರದ ಒಪ್ಪಿಗೆ ಪಡೆದು ಅಧಿಸೂಚನೆ ಹೊರಡಿಸಿದರೆ ಮಾತ್ರ ಅದು ಸೇರುತ್ತದೆ.

ಆದರೆ ವೇತನ ಸಂಹಿತೆಗೆ ಎಕರೆಯ ಲೆಕ್ಕವಿಲ್ಲ. ಕನಿಷ್ಠ ಕೂಲಿ, ಹೊತ್ತಿಗೆ ಸರಿಯಾದ ಬಟವಾಡೆ, ಒಂದೇ ತರದ ಕೆಲಸಕ್ಕೆ ಹೆಣ್ಣಾಳಿಗೂ ಗಂಡಾಳಿಗೂ ಒಂದೇ ಕೂಲಿ – ಇವು ಎರಡೆಕರೆಯವನಿಗೂ ಅನ್ವಯಿಸುತ್ತವೆ.

ಮುಂಗಡದ ವಿಚಾರ

ನಾವು ಹೆಚ್ಚಾಗಿ ಎಡವುವುದು ಇಲ್ಲಿಯೇ. ಕೆಲಸಕ್ಕೆ ಸೇರುವ ಮೊದಲು ಕೊಟ್ಟ ಮುಂಗಡವನ್ನು ಪೂರ್ಣ ಅವಧಿಯ ಮೊದಲ ಬಟವಾಡೆಯಿಂದ ಮುರಿದುಕೊಳ್ಳಲು ಕಾನೂನು ಒಪ್ಪುತ್ತದೆ. ಆದರೆ ಪ್ರಯಾಣದ ಖರ್ಚಿಗೆಂದು ಕೊಟ್ಟ ಮುಂಗಡವನ್ನು ವಸೂಲು ಮಾಡುವಂತಿಲ್ಲ. ಎಲ್ಲ ಕಡಿತಗಳೂ ಸೇರಿ ಆ ಅವಧಿಯ ಕೂಲಿಯ ಅರ್ಧವನ್ನು ಮೀರಕೂಡದು.

ಒಂದು ಲೆಕ್ಕ ನೋಡೋಣ. ಒಬ್ಬನಿಗೆ 5,000 ರೂ. ಮುಂಗಡ, ಬಸ್ಸಿನ ಖರ್ಚಿಗೆ 900 ರೂ. ಕೊಟ್ಟಿದ್ದೇವೆ. ಹದಿನೈದು ದಿನದ ಅವನ ಕೂಲಿ 7,000 ರೂ. ಆಯಿತೆನ್ನಿ. ಆಗ ಮುರಿಯಬಹುದಾದದ್ದು ಹೆಚ್ಚೆಂದರೆ 3,500 ರೂ. ಉಳಿದ 1,500 ರೂ. ನಿಯಮದಂತೆ ಮುಂದಿನ ಲೆಕ್ಕಕ್ಕೆ ಹೋಗುತ್ತದೆ. ಬಸ್ಸಿನ 900 ರೂ. ನಮ್ಮದೇ ಖರ್ಚು.

ಮುಂಗಡ ತೀರುವವರೆಗೆ ಊರಿಗೆ ಹೋಗಕೂಡದು, ಬೇರೆ ಕಡೆ ದುಡಿಯಕೂಡದು ಎಂದು ಕಟ್ಟುಹಾಕಿದರೆ ಅದು ಜೀತವಾಗುತ್ತದೆ. 1976ರ ಜೀತ ಪದ್ಧತಿ ರದ್ದತಿ ಕಾಯಿದೆ ಈ ಸಂಹಿತೆಗಳಲ್ಲಿ ಸೇರಿಲ್ಲ. ಅದು ಇಂದಿಗೂ ಊರ್ಜಿತವಾಗಿದೆ. ಅದರಲ್ಲಿ 3 ವರ್ಷದವರೆಗೆ ಸೆರೆವಾಸವುಂಟು, ಜೀತದ ಸಾಲವೂ ರದ್ದಾಗುತ್ತದೆ. 2025ರ ಜನವರಿಯಲ್ಲಿ ವಿಜಯಪುರ ನಗರದ ಇಟ್ಟಿಗೆ ಭಟ್ಟಿಯೊಂದರಲ್ಲಿ ಮುಂಗಡದ ವಿಷಯಕ್ಕೆ ಮೂವರು ಕೂಲಿಕಾರರನ್ನು ಥಳಿಸಿದ ಸುದ್ದಿ ನಾಡಿಗೆಲ್ಲ ತಿಳಿದು, ಪ್ರಕರಣ ಪೊಲೀಸರ ಕೈಸೇರಿತು. ನಮ್ಮಲ್ಲಿ ಯಾರೂ ಹಾಗೆ ಕೈ ಎತ್ತುವವರಲ್ಲ. ಆದರೂ ಆಳಿನ ಆಧಾರ್ ಚೀಟಿಯನ್ನು ಪೆಟ್ಟಿಗೆಯಲ್ಲಿಟ್ಟುಕೊಳ್ಳುವುದು, ಹಬ್ಬಕ್ಕೆ ಹೊರಟವರನ್ನು ಗೇಟಿನಲ್ಲಿ ತಡೆಯುವುದು ಅದೇ ದಾರಿಯ ಮೊದಲ ಹೆಜ್ಜೆಗಳೆಂಬುದನ್ನು ಮರೆಯಬಾರದು.

ಬಟವಾಡೆ ಮತ್ತು ಪುಸ್ತಕ

ದಿನಗೂಲಿಯಾದರೆ ಅಂದಿನ ಕೆಲಸ ಮುಗಿದಾಗ, ವಾರದ್ದಾದರೆ ರಜೆಗೆ ಮುಂಚಿನ ಕೆಲಸದ ದಿನ, ಹದಿನೈದು ದಿನದ್ದಾದರೆ ಅವಧಿ ಮುಗಿದ ಎರಡು ದಿನಗಳೊಳಗೆ, ತಿಂಗಳದ್ದಾದರೆ ಮುಂದಿನ ತಿಂಗಳ 7ನೆಯ ತಾರೀಕಿನೊಳಗೆ ಕೂಲಿ ಸಲ್ಲಬೇಕು. ಕೆಲಸ ಬಿಟ್ಟು ಹೊರಟವನ ಲೆಕ್ಕವನ್ನು ಎರಡು ಕೆಲಸದ ದಿನಗಳಲ್ಲಿ ಚುಕ್ತಾ ಮಾಡಬೇಕು. ಹೀಗಿರುವಾಗ ಲೆಕ್ಕವನ್ನು ಕೊಯ್ಲಿನ ಕೊನೆಗೆ ಇಡುವಂತಿಲ್ಲ.

ಹಣವನ್ನು ಮೇಸ್ತ್ರಿಗೆ ಕೊಟ್ಟಾಯಿತು ಎಂದರೆ ನಮ್ಮ ಹೊಣೆ ತೀರುವುದಿಲ್ಲ; ಅವನು ಹಂಚದಿದ್ದರೆ ತೋಟದ ಮಾಲೀಕನೇ ಕೊಡಬೇಕು. ಕೂಲಿ ಬಂದಿಲ್ಲವೆಂದು ಆಳು 3 ವರ್ಷದೊಳಗೆ ಅರ್ಜಿ ಹಾಕಬಹುದು. ಕೊಟ್ಟಿದ್ದೇವೆ ಎಂದು ರುಜುವಾತುಪಡಿಸುವ ಭಾರ ನಮ್ಮದು. ಕೂಲಿ ಕಡಿಮೆ ಕೊಟ್ಟದ್ದು ಸಾಬೀತಾದರೆ 50,000 ರೂ.ವರೆಗೆ ದಂಡ.

ಸಣ್ಣವರಿಗೆ ಒಂದು ರಿಯಾಯಿತಿಯುಂಟು. ಬೇಸಾಯಕ್ಕೆ ಐದಕ್ಕಿಂತ ಹೆಚ್ಚು ಆಳುಗಳನ್ನು ಇಟ್ಟುಕೊಳ್ಳದವರಿಗೆ ರಿಜಿಸ್ಟರು, ಕೂಲಿ ಚೀಟಿಗಳ ಕಡ್ಡಾಯವಿಲ್ಲ. ಆದರೆ ಅಧಿಕಾರಿ ಕೇಳಿದಾಗ ಕೂಲಿ ಕೊಟ್ಟದ್ದಕ್ಕೆ ತಕ್ಕ ಪುರಾವೆ ತೋರಿಸಲೇಬೇಕು. ಆದ್ದರಿಂದ ರಿಯಾಯಿತಿ ಇದ್ದವರೂ ಒಂದು ನೋಟು ಪುಸ್ತಕ ಇಡುವುದು ಲೇಸು.

ತಿಕೋಟಾ, ಬಬಲೇಶ್ವರದ ಪಾಠ

ಹಿಂದೆ ವಿಜಯಪುರ ತಾಲ್ಲೂಕಿನಲ್ಲಿದ್ದು ಈಗ ಬೇರೆ ತಾಲ್ಲೂಕುಗಳಾಗಿರುವ ತಿಕೋಟಾ, ಬಬಲೇಶ್ವರಗಳ ಕಡೆ ಏತ ನೀರಾವರಿಯಿಂದ ಕೃಷ್ಣೆಯ ನೀರು ಹರಿದಿದೆ. ಅಲ್ಲಿ ದ್ರಾಕ್ಷಿ ತೋಟಗಳಿವೆ. ಅಕ್ಟೋಬರಿನಲ್ಲಿ ಬಳ್ಳಿ ಸವರುವುದರಿಂದ ಹಿಡಿದು ಬೇಸಿಗೆಯಲ್ಲಿ ಒಣದ್ರಾಕ್ಷಿ ಮಾಡುವವರೆಗೆ ಅಲ್ಲಿಯೂ ಆಳು ಬೇಕು. ನಮ್ಮ ಕೊಯ್ಲೂ ಅದೇ ತಿಂಗಳುಗಳಲ್ಲಿ. ಮನೆಯ ಹತ್ತಿರವೇ ಕೆಲಸ ಸಿಗುವಾಗ ಅಷ್ಟು ದೂರ ಬರುವವನು, ಹೋದ ವರ್ಷ ಲೆಕ್ಕ ಸರಿಯಾಗಿ ಕೊಟ್ಟ ತೋಟಕ್ಕೇ ಬಂದಾನು. ಕಾನೂನು ಹೇಳುವುದೂ ನಮ್ಮ ಹಿತವೂ ಇಲ್ಲಿ ಬೇರೆ ಬೇರೆಯಲ್ಲ.

ಕೊಯ್ಲಿಗೆ ಮುಂಚೆ ಮಾಡಬೇಕಾದದ್ದು

1. ರಾಜ್ಯ ಸರ್ಕಾರ ನಿಗದಿಪಡಿಸಿದ ಕನಿಷ್ಠ ಕೂಲಿಯ ದರವನ್ನು ಕಾರ್ಮಿಕ ಇಲಾಖೆಯಲ್ಲಿ ವಿಚಾರಿಸಿ ಬರೆದಿಟ್ಟುಕೊಳ್ಳಿ.
2. ಮುಂಗಡವನ್ನೂ ಪ್ರಯಾಣದ ಹಣವನ್ನೂ ಬೇರೆ ಬೇರೆ ಬರೆದು, ಪಡೆದವನ ಸಹಿ ಅಥವಾ ಹೆಬ್ಬೆಟ್ಟು ಪಡೆಯಿರಿ.
3. ಗಂಡ ಹೆಂಡಿರ ಹಾಜರಿಯನ್ನು ಒಂದೇ ಹೆಸರಿನಲ್ಲಿ ಬರೆಯಬೇಡಿ. ಇಬ್ಬರ ಕೂಲಿಯನ್ನೂ ಅವರವರ ಕೈಗೆ ಅಥವಾ ಖಾತೆಗೆ ಕೊಡಿ.
4. ತಾಯಿತಂದೆಯೊಡನೆ ಬಂದ 14 ವರ್ಷದೊಳಗಿನ ಮಕ್ಕಳ ಕೈಗೆ ಬುಟ್ಟಿ ಕೊಡಬೇಡಿ.
5. ಲೈನು ಮನೆಯ ಮಾಡು, ಗೋಡೆಗಳನ್ನು ತಂಡ ಬರುವ ಮೊದಲೇ ನೋಡಿ ರಿಪೇರಿ ಮಾಡಿಸಿ.

ಈ ಐದನ್ನು ನಡೆಸಿಕೊಂಡು ಬಂದವರಿಗೆ ಅಧಿಕಾರಿ ಬಂದರೂ ಅಳುಕಿಲ್ಲ, ಮುಂದಿನ ವರ್ಷ ಆಳು ಬಂದಾರೋ ಇಲ್ಲವೋ ಎಂಬ ಚಿಂತೆಯೂ ಅಷ್ಟಾಗಿ ಇರದು.