ಅಮ್ಮನ ಮಾತಿಗೆ ಸಹಿ ಇರಲಿಲ್ಲ

ಗಂಟಲಿನ ಪೈಪು ಕಿತ್ತುಕೊಳ್ಳದಿರಲಿ ಎಂದು ಐಸಿಯುನಲ್ಲಿ ಅಮ್ಮನ ಎಡಗೈಯನ್ನು ಬ್ಯಾಂಡೇಜು ಬಟ್ಟೆಯಿಂದ ಮಂಚಕ್ಕೆ ಕಟ್ಟಿದ್ದರು. ಕಟ್ಟಿದ ಕೈಯ ಹೆಬ್ಬೆರಳೂ ತೋರುಬೆರಳೂ ಒಂದನ್ನೊಂದು ಉಜ್ಜುತ್ತಲೇ ಇದ್ದವು. ನಡುಕ ಎಂದಳು ನರ್ಸ್. ಅಮ್ಮ ಬೀಡಿ ಕಟ್ಟುತ್ತಿದ್ದಳು. ಕಾರ್ಕಳದ ನಮ್ಮ ಜಗಲಿಯಲ್ಲಿ ಮಡಿಲಲ್ಲಿ ಮೊರ ಇಟ್ಟುಕೊಂಡು ನಲವತ್ತು ವರ್ಷ ಕಟ್ಟಿದ ಕೈ ಅದು.

2019ರ ಮಳೆಗಾಲ. ಸ್ಟ್ರೋಕ್ ಆಗಿ ಹನ್ನೊಂದನೇ ದಿನ, ಕುತ್ತಿಗೆಗೆ ತೂತು ಮಾಡಿ ವೆಂಟಿಲೇಟರ್ ಮುಂದುವರಿಸಲು ಸಹಿ ಬೇಕೆಂದರು. ಚೇತರಿಸಿಕೊಳ್ಳುತ್ತಾಳೆಂಬ ಆಸೆ ಡಾಕ್ಟರಿಗೇ ಇರಲಿಲ್ಲ. "ದುಡ್ಡಿನ ಮುಖ ನೋಡ್ಬೇಡ, ಮಾಡಿಸು," ಎಂದ ಮುಂಬೈಯಿಂದ ಅಣ್ಣ. ಹೀಗೇ ಮಲಗಿದ್ದ ನೆರೆಮನೆಯ ಅಜ್ಜಿಯನ್ನು ನೋಡಿ ಬಂದ ದಿನ ಅಮ್ಮ, "ನನ್ನನ್ನು ಪೈಪಿಗೆ ಕಟ್ಟಿ ಹಾಕ್ಬೇಡ ಮಾರಾಯ," ಎಂದದ್ದು ನೆನಪಿತ್ತು. ಆಗ ನಾನು ನಕ್ಕು ಬೇರೆ ಮಾತೆತ್ತಿದ್ದೆ. ಅಣ್ಣನಿಗೆ ಅದನ್ನು ಹೇಳದೆ ಸಹಿ ಹಾಕಿದೆ. ತಾಯಿಯ ಉಸಿರು ನಿಲ್ಲಿಸಿದ ಮಗ ಅನ್ನಿಸಿಕೊಳ್ಳುವ ಹೆದರಿಕೆ. ಅದಕ್ಕೆ ಪ್ರೀತಿ ಎಂದು ಹೆಸರಿಟ್ಟೆ. ಅಮ್ಮ ಮತ್ತೆ ಹತ್ತೊಂಬತ್ತು ದಿನ ಇದ್ದಳು.

ಗೊಮ್ಮಟನ ಊರಿನವರು ನಾವು, ಉಪವಾಸವಿದ್ದು ದೇಹ ಬಿಡುವ ಜೈನರ ಸಲ್ಲೇಖನದ ಮಾತು ಕೇಳುತ್ತಲೇ ಬೆಳೆದವರು. ಆದರೆ ಅದು ಹೊರಟವರೇ ಎಚ್ಚರದಲ್ಲಿದ್ದು ಹಿಡಿಯುವ ವ್ರತ. ಅಮ್ಮನ ಪರವಾಗಿ ನಾನು ಹಿಡಿಯಲಾಗದು. ಹಳದೀಪುರದ ಅರುಣಾ ಶಾನಭಾಗರ ವಿಷಯದಲ್ಲೂ ತೊಡಕು ಇದೇ. ಮುಂಬೈಯ ಕೆಇಎಂ ಆಸ್ಪತ್ರೆಯ ಈ ನರ್ಸ್ 1973ರ ಹಲ್ಲೆಯಿಂದ 2015ರವರೆಗೆ ಹಾಸಿಗೆಯಲ್ಲಿದ್ದರು. ಪತ್ರಕರ್ತೆ ಪಿಂಕಿ ವಿರಾನಿ ಅವರಿಗೆ ಸಾವಿನ ಬಿಡುಗಡೆ ಕೇಳಿದರು, ಆರೈಕೆ ಮಾಡಿದ ಆಸ್ಪತ್ರೆಯವರು ಬೇಡವೆಂದರು, 2011ರಲ್ಲಿ ಸುಪ್ರೀಂ ಕೋರ್ಟ್ ಆಸ್ಪತ್ರೆಯವರ ಮಾತು ಹಿಡಿಯಿತು. ಅರುಣಾರನ್ನು ಕೇಳುವ ದಾರಿ ಯಾರಿಗೂ ಇರಲಿಲ್ಲ.

ಎಚ್ಚರವಿರುವಾಗಲೇ ತನ್ನ ಇಚ್ಛೆ ಬರೆದಿಡುವ ಲಿವಿಂಗ್ ವಿಲ್ಲನ್ನು 2018ರಲ್ಲೇ ಕೋರ್ಟ್ ಒಪ್ಪಿತ್ತು, ಅಮ್ಮನಿಗಿಂತ ಒಂದು ವರ್ಷ ಮೊದಲು. ಆಗ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚು ದಾಟದ ಅಮ್ಮ ಅಲ್ಲಿಗೆ ಹೋಗುತ್ತಿದ್ದಳೇ? 2023ರಿಂದ ಇಬ್ಬರು ಸಾಕ್ಷಿಗಳು, ಒಬ್ಬ ನೋಟರಿ ಇಲ್ಲವೆ ಗೆಜೆಟೆಡ್ ಅಧಿಕಾರಿ ಸಾಕು. 2025ರ ಜನವರಿಯಲ್ಲಿ ನಮ್ಮ ರಾಜ್ಯ ಸರ್ಕಾರವೂ ಇದರ ಆದೇಶ ಹೊರಡಿಸಿತು. ಸಾಯುವ ಇಂಜೆಕ್ಷನ್ ಕೇಳುವ ಕಾಗದವಲ್ಲ ಇದು, ಅದಕ್ಕೆ ಕಾನೂನಿನಲ್ಲಿ ಜಾಗವಿಲ್ಲ. ಗುಣವಾಗದ ಹೊತ್ತಿನಲ್ಲಿ ಯಂತ್ರ ಬೇಡ ಎನ್ನುವುದು, ಅಷ್ಟೆ. ನೋವಿನ ಮದ್ದು ನಿಲ್ಲಿಸಬೇಕಿಲ್ಲ.

ಕಳೆದ ವರ್ಷ ನನ್ನದನ್ನು ಬರೆಸಿದೆ. ನನ್ನ ಪರ ಮಾತಾಡಲು ಮಗಳ ಹೆಸರು ಕೊಟ್ಟೆ. ಅವಳು ಎರಡು ಸಲ ಓದಿ, "ಮೂಗಿನ ಪೈಪಿನಲ್ಲಿ ಗಂಜಿ ಕೊಡೋದು ಔಷಧವಾ ಅಪ್ಪ, ಊಟವಾ? ಅದನ್ನು ಬರೆದೇ ಇಲ್ಲವಲ್ಲ," ಎಂದಳು.

ಕಾಗದ ಅಮ್ಮನ ಪಿಎಫ್ ಪುಸ್ತಕವಿದ್ದ ಡಬ್ಬಿಯಲ್ಲಿದೆ. ಆ ಸಾಲು ಇನ್ನೂ ಸೇರಿಲ್ಲ.